ಕೀಬೋರ್ಡೂ ಕಂಪ್ಯೂಟರೂ ಮಾತು ಬಿಟ್ಟಾಗ



ಕಳೆದ ಸಂಚಿಕೆಯಲ್ಲಿ ಉಪ್ಪಿನಕಾಯಿಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವ ಬಗೆ ಬರೆದಿದ್ದೆ. ಈ ಸಲ ಅಡುಗೆಮನೆ ಬಿಟ್ಟು ಪಡಸಾಲೆಗೆ ಬಂದಿದ್ದೇನೆ. "ಹತ್ತನೇ ಕ್ಲಾಸು ಓದಿದವಳಿಗೆ ಕಂಪ್ಯೂಟರ್ ಉಸಾಬರಿ ಯಾಕೆ?" ಅಂತ ನಗಬೇಡಿ. ಮಿಕ್ಸಿ ತಿರುಗದಿದ್ದರೆ ಮೊದಲು ಪ್ಲಗ್ಗು ನೋಡುವವರು ನಾವು. ಇದೂ ಹಾಗೇ.

ನಮ್ಮ ಅತ್ತೆಯವರಿಗೆ ಈಗ 79 ವರ್ಷ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು ಎಲ್ಲ ಅವರ ತಾಯಿಯಿಂದ ಬಾಯಿಪಾಠವಾಗಿ ಬಂದದ್ದು. ಮಾತುಗಳನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಆದರೆ ಧಾಟಿ? ಅದಿರುವುದು ಅವರ ಗಂಟಲಲ್ಲಿ ಮಾತ್ರ. ಮಳೆಗಾಲದಿಂದೀಚೆಗೆ ಎರಡು ಸಾಲು ಹಾಡುವಷ್ಟರಲ್ಲಿ ಕೆಮ್ಮು, ಏದುಸಿರು.

ಪಿಯುಸಿ ಓದುವ ಮಗಳು ಒಂದು ದಿನ ಹೇಳಿದಳು: "ಅಮ್ಮಾ, ಅಜ್ಜಿ ಹಾಡಿದ್ದನ್ನ ನಾನು ಕೀಬೋರ್ಡಲ್ಲಿ ನುಡಿಸಿದ್ರೆ ಕಂಪ್ಯೂಟರ್ ತಾನೇ ಸ್ವರ ಬರ್ಕೊಳ್ಳತ್ತೆ." ಹಪ್ಪಳ ಸಂಡಿಗೆ ಮಾರಿ ಕೂಡಿಟ್ಟ ದುಡ್ಡಿನಲ್ಲಿ ಒಂದು ಹಳೆಯ ಸಿಂಥಸೈಜರ್ ಕೀಬೋರ್ಡ್ ಕೊಡಿಸಿದೆ. ನುಡಿಸಿದರೆ ಚೆನ್ನಾಗಿಯೇ ದನಿ ಬರುತ್ತಿತ್ತು. ಕಂಪ್ಯೂಟರಿಗೆ ವಯರು ಸಿಕ್ಕಿಸಿದರೆ ಮಾತ್ರ ಏನೂ ಇಲ್ಲ! ನಾಲ್ಕು ದಿನ ಒದ್ದಾಡಿದಳು. ರಿಪೇರಿಯವರ ಹತ್ತಿರ ಒಯ್ದರೆ, "ಒಳಗಿನ ಬೋರ್ಡು ಹೋಗಿದೆ, 4,000 ರೂಪಾಯಿ ಆಗತ್ತೆ" ಅಂದರು. "ಹಳೇ ಸಾಮಾನಿಗೆ ದುಡ್ಡು ಸುರಿದ್ರಿ" ಅಂತ ನಮ್ಮ ಮನೆಯವರು ರೇಗಿದರು. ಅಪ್ಪ ಮಗಳು ಮಾತು ಬಿಟ್ಟರು. ಒಳಗಿನ ಕೋಣೆಯಿಂದ ಅತ್ತೆಯವರು, "ಪುಟ್ಟೀ, ಇವತ್ತು ಗಂಟಲು ಪರವಾಗಿಲ್ಲ ಕಣೇ, ಹಾಡ್ಲಾ?" ಅಂತ ಕೂಗಿದಾಗ ಹುಡುಗಿಯ ಕಣ್ಣಲ್ಲಿ ನೀರು.

ಬೆಂಗಳೂರಿನಲ್ಲಿರುವ ಮೈದುನನ ಮಗನಿಗೆ ಫೋನು ಹಚ್ಚಿದೆ. ಅವನು ಹೇಳಿದ ಮೊದಲ ಮಾತೇ ನನಗೆ ದಾರಿ ತೋರಿಸಿತು: "ದೊಡ್ಡಮ್ಮ, ಆ ವಯರಲ್ಲಿ ದನಿ ಹೋಗಲ್ಲ. ಯಾವ ಮನೆ ಒತ್ತಿದ್ರಿ, ಎಷ್ಟು ಜೋರಾಗಿ ಒತ್ತಿದ್ರಿ, ಯಾವಾಗ ಬಿಟ್ರಿ, ಇಂಥ ಸುದ್ದಿ ಮಾತ್ರ ಹೋಗತ್ತೆ."

ಅಂದರೆ ಹೋಗುವುದು ಅಡುಗೆಯಲ್ಲ, ಅಡುಗೆ ಬರೆದ ಚೀಟಿ! ಈ ಚೀಟಿಯ ಭಾಷೆಗೆ ಮಿಡಿ ಅಂತ ಹೆಸರು. 1983ರ ಜನವರಿಯಲ್ಲಿ ಅಮೆರಿಕದ ಒಂದು ವಾದ್ಯ ಮೇಳದಲ್ಲಿ ಪ್ರಾಫೆಟ್-600, ಜುಪಿಟರ್-6 ಎಂಬ ಬೇರೆ ಬೇರೆ ಕಂಪನಿಗಳ ಎರಡು ಸಿಂಥಸೈಜರುಗಳನ್ನು ಇದರಿಂದ ಜೋಡಿಸಿ ತೋರಿಸಿದರಂತೆ. ಇದಕ್ಕಾಗಿ ದುಡಿದ ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಇಬ್ಬರಿಗೂ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಪ್ರಶಸ್ತಿ ಸಿಕ್ಕಿತು. ಅತ್ತೆ ಸೊಸೆಯರ ಹಾಗೆ ಬೇರೆ ಬೇರೆ ಮನೆಯಿಂದ ಬಂದವರು ಒಂದೇ ಮಾತು ಆಡುವಂತೆ ಮಾಡುವುದು ಸಣ್ಣ ಕೆಲಸವೇ?

ಅವನು ಹೇಳಿದ್ದನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ನಿಮಗೂ ಬೇಕಾದೀತು, ಕತ್ತರಿಸಿ ಇಟ್ಟುಕೊಳ್ಳಿ.

1. ಮೊದಲು ವಯರು. ಕೆಲವು ಕೀಬೋರ್ಡುಗಳಿಗೆ ಫೋನಿನಂಥದೇ ಸಣ್ಣ ತೂತು ಇರುತ್ತದೆ. ಫೋನ್ ಚಾರ್ಜು ಮಾಡುವ ಕೆಲವು ವಯರುಗಳಲ್ಲಿ ಕರೆಂಟಿನ ಎಳೆ ಮಾತ್ರ ಇದ್ದು, ಸುದ್ದಿ ಒಯ್ಯುವ ಎಳೆ ಇರುವುದೇ ಇಲ್ಲ. ನೋಡುವುದಕ್ಕೆ ಎರಡೂ ಒಂದೇ ಥರ. ಅದೇ ವಯರಿನಿಂದ ಫೋನಿನ ಫೋಟೋ ಕಂಪ್ಯೂಟರಿಗೆ ಬಂದರೆ ವಯರು ಸರಿಯಿದೆ ಅಂತ ಅರ್ಥ.

2. ನಡುವೆ ಹಬ್ಬು ಗಿಬ್ಬು ಇಡದೆ ನೇರವಾಗಿ ಕಂಪ್ಯೂಟರಿಗೇ ಸಿಕ್ಕಿಸಿ. ಒಂದು ತೂತಿನಲ್ಲಿ ಆಗದಿದ್ದರೆ ಇನ್ನೊಂದರಲ್ಲಿ ನೋಡಿ.

3. ಮೊದಲು ಕೀಬೋರ್ಡ್ ಆನ್ ಮಾಡಿ, ಆಮೇಲೆ ಸಂಗೀತದ ಪ್ರೋಗ್ರಾಂ ತೆರೆಯಿರಿ. ತಾನು ತೆರೆದುಕೊಳ್ಳುವಾಗ ಯಾರು ಇದ್ದಾರೋ ಅವರನ್ನಷ್ಟೇ ಗುರುತಿಸುವ ಪ್ರೋಗ್ರಾಂಗಳುಂಟು.

4. ವಿಂಡೋಸ್ ಆದರೆ ಡಿವೈಸ್ ಮ್ಯಾನೇಜರಿನಲ್ಲಿ, ಮ್ಯಾಕ್ ಆದರೆ ಆಡಿಯೋ ಮಿಡಿ ಸೆಟಪ್ಪಿನಲ್ಲಿ ಕೀಬೋರ್ಡಿನ ಹೆಸರು ಬಂದಿದೆಯೇ ನೋಡಿ. ವಯರು ಸರಿಯಿದ್ದೂ ಹೆಸರು ಬಾರದಿದ್ದರೆ, ತಯಾರಿಸಿದ ಕಂಪನಿಯವರೇ ಕೊಡುವ ಡ್ರೈವರ್ ಹಾಕಬೇಕಾದೀತು. ಮಾಡೆಲ್ ನಂಬರನ್ನು ಸರಿಯಾಗಿ ನೋಡಿಕೊಳ್ಳಿ.

5. ಹೆಸರು ಬಂದೂ ದನಿ ಇಲ್ಲವೇ? ಪ್ರೋಗ್ರಾಂನ ಸೆಟ್ಟಿಂಗಿನಲ್ಲಿ ಮಿಡಿ ಇನ್‌ಪುಟ್ ಎಂಬಲ್ಲಿ ಕೀಬೋರ್ಡನ್ನು ಆರಿಸಿ. ಆಮೇಲೆ ಪಿಯಾನೋನೋ ಕೊಳಲೋ ಒಂದು ವಾದ್ಯವನ್ನೂ ಆರಿಸಬೇಕು. ಚೀಟಿ ಬಂದರೆ ಸಾಲದು, ಅದನ್ನು ನೋಡಿ ಅಡುಗೆ ಮಾಡುವವರು ಬೇಕಲ್ಲ!

6. ಹಳೆಯ ಕೀಬೋರ್ಡಿನ ಹಿಂದೆ ಐದು ಸೂಜಿಯ ದುಂಡು ತೂತುಗಳಿದ್ದರೆ, ಅದರ 'ಔಟ್' ಎಂಬುದು ಆಚೆ ಕಡೆಯ 'ಇನ್'ಗೆ ಸೇರಬೇಕು. ಔಟಿಗೆ ಔಟ್ ಸೇರಿಸಿದರೆ ಇಬ್ಬರೂ ಮಾತಾಡುತ್ತಾರೆ, ಕೇಳುವವರಿಲ್ಲ.

7. ಒತ್ತಿ ಸ್ವಲ್ಪ ಹೊತ್ತಾದ ಮೇಲೆ ದನಿ ಬರುತ್ತಿದ್ದರೆ ಬಫರ್ ಎಂಬ ಸಂಖ್ಯೆ ಕಡಿಮೆ ಮಾಡಿ. ಹತ್ತು ದೋಸೆ ಹುಯ್ದಾದ ಮೇಲೆ ಬಡಿಸುವುದಕ್ಕೂ ಎರಡೆರಡೇ ಬಡಿಸುವುದಕ್ಕೂ ಇರುವ ವ್ಯತ್ಯಾಸ ಅದು. 1,024 ಇದ್ದದ್ದನ್ನು 256ಕ್ಕೆ ಇಳಿಸಿ ನೋಡಿ. ತೀರಾ ಇಳಿಸಿದರೆ ದನಿ ಕರಕರ ಅನ್ನುತ್ತದೆ.

ನಮ್ಮ ಮನೆಯಲ್ಲಿ ಆದದ್ದು ಏನು ಗೊತ್ತೆ? ಮೊದಲನೆಯದೇ! ಮಗಳು ಸಿಕ್ಕಿಸಿದ್ದು ಚಾರ್ಜು ಮಾಡುವ ಟಾರ್ಚಿನ ಜೊತೆ ಬಂದ ವಯರು. ರಿಪೇರಿಗೆ ಒಯ್ದಾಗಲೂ ಅದನ್ನೇ ಒಯ್ದಿದ್ದಳು, ಅವರು ಪರೀಕ್ಷೆ ಮಾಡಿದ್ದೂ ಅದರಲ್ಲೇ. 150 ರೂಪಾಯಿ ಕೊಟ್ಟು ಬೇರೆ ವಯರು ತಂದೆವು. ಹೆಸರು ಬಂತು, ಆದರೂ ದನಿ ಇಲ್ಲ. ಐದನೆಯದನ್ನು ಮಾಡಿದ ಮೇಲೆ, ಅವಳು ಒತ್ತಿದ ಒಂದೊಂದು ಸ್ವರವೂ ಪರದೆಯ ಗೆರೆಗಳ ಮೇಲೆ ಕೂರತೊಡಗಿತು. ನಮ್ಮ ಮನೆಯವರು ಪೇಪರು ಮಡಿಸಿಟ್ಟು ಬಂದು, "ಎಲ್ಲಿ, ನೋಡೋಣ ಇನ್ನೊಂದ್ಸಲ ಬಾರ್ಸು" ಅಂದರು. ಅಷ್ಟೇ ರಾಜಿ.

ಇಲ್ಲಿಗೇ ಮುಗಿಯಲಿಲ್ಲ. ಹಸೆಹಾಡು ಬರೆದಾದ ಮೇಲೆ ಅತ್ತೆಯವರಿಗೆ ಕೇಳಿಸಿದೆವು. ಕಣ್ಣು ಮುಚ್ಚಿ ಕೇಳಿದರು. "ಧಾಟಿ ಸರಿಯಿದೆ ಕಣೇ, ಆದ್ರೆ ಎಳೆತ ಎಲ್ಲಿ?" ಅಂದರು. ನಿಜವೇ. ಒಂದು ಸ್ವರದಿಂದ ಇನ್ನೊಂದಕ್ಕೆ ಅವರು ಜಾರುವ ಜಾರಿಕೆ ಮನೆಯಿಂದ ಮನೆಗೆ ಬೆರಳಿಡುವ ಕೀಬೋರ್ಡಿಗೆ ಬರಲಿಲ್ಲ. ಚೀಟಿಯಲ್ಲಿ ಕೈರುಚಿ ಬರೆಯೋಕಾಗತ್ತೆಯೇ?

ಹಾಗಾಗಿ ಈಗ ಎರಡೂ ಮಾಡುತ್ತಿದ್ದೇವೆ. ಕಂಪ್ಯೂಟರಿನಲ್ಲಿ ಸ್ವರ, ಪಕ್ಕದಲ್ಲಿ ಫೋನಿಟ್ಟು ಅವರದೇ ದನಿ, ಕೆಮ್ಮೂ ಸೇರಿ. ಬೆಳಿಗ್ಗೆ ಶುಂಠಿ ಕಷಾಯ ಕುಡಿದ ಮೇಲೆ ದಿನಕ್ಕೆ ಒಂದೇ ಹಾಡು. ಇಲ್ಲಿಯತನಕ ಹನ್ನೊಂದು ಆಗಿವೆ. ನೋಟ್‌ಬುಕ್ಕಿನಲ್ಲಿ ಇನ್ನೂ ಇಪ್ಪತ್ತಾರು ಇವೆ.

ನಿಮ್ಮ ಮನೆಯಲ್ಲೂ ಹಾಡುವ ಹಿರಿಯರಿದ್ದರೆ ಕೀಬೋರ್ಡು ಸರಿಹೋಗಲಿ ಅಂತ ಕಾಯಬೇಡಿ. ಇವತ್ತೇ ಫೋನು ಹಿಡಿದು ಅವರ ಪಕ್ಕ ಕೂತುಕೊಳ್ಳಿ. ವಯರು ನಾಳೆ ತಂದರೂ ಆದೀತು.