ಸಹಿ ಹಾಕುವ ಮುನ್ನ ಕೇಳಿರಿ

ನಮ್ಮವನೊಬ್ಬನ ಮನಸ್ಸು ಕೆಟ್ಟಾಗ ತಾಯಿ ತಂದೆ ಊರಿನಲ್ಲಿರುತ್ತಾರೆ. ಅವನನ್ನು ಪರಳದ ಕೆ.ಇ.ಎಂ.ಗೋ ಠಾಣೆಯ ಮನೋರುಗ್ಣಾಲಯಕ್ಕೋ ಕರೆದೊಯ್ಯುವವನು ಖೋಲಿಯ ಜೊತೆಗಾರ. ಕಾಗದ ಮುಂದಿಟ್ಟರೆ ಸಹಿ ಹಾಕುವವನೂ ಅವನೇ. ಆದುದರಿಂದ ಈ ಮಾತು ಅವನಿಗೆ.

ಕ್ಷಯಕ್ಕೆ ಕಫ, ಎಕ್ಸ್‌ರೇ ಸಾಕ್ಷಿ ಹೇಳುತ್ತವೆ. ಮನಸ್ಸಿನ ರೋಗಕ್ಕೆ ಹೆಚ್ಚಾಗಿ ಅಂಥ ಸಾಕ್ಷಿಯಿಲ್ಲ. ಮಾತು, ನಡತೆ ನೋಡಿ ವೈದ್ಯರು ಒಂದು ಹೆಸರು ಬರೆಯುತ್ತಾರೆ. ಚಿಕಿತ್ಸೆಗೆ ಆ ಹೆಸರು ಬೇಕು. ಹೊಸ ಮದ್ದನ್ನು ಪ್ರಯೋಗಿಸಲು ರೋಗಿಗಳನ್ನು ಆರಿಸುವುದೂ ಅದೇ ಹೆಸರಿನಿಂದ.

2005ರಲ್ಲಿ ಬ್ರಿಟನ್ನಿನ ಮನೋವೈದ್ಯರ ಪತ್ರಿಕೆಯಲ್ಲಿ ಅಂಥದೊಂದು ಪ್ರಯೋಗದ ವರದಿ ಬಂದಿತು. ಮದ್ದು ರಿಸ್ಪೆರಿಡೋನ್, ರೋಗ ಉನ್ಮಾದ, ಅವಧಿ ಮೂರು ವಾರ. 290 ರೋಗಿಗಳೂ ಭಾರತದವರೇ. ವರದಿಯ ಮೊದಲ ಲೇಖಕರು ಬೆಂಗಳೂರಿನ ನಿಮ್ಹಾನ್ಸಿನ ವೈದ್ಯರು. ಅಮೆರಿಕದ ರೋಗಪಟ್ಟಿಯ ಹೆಸರು, ಉನ್ಮಾದದ ಅಳತೆಯಲ್ಲಿ ಕನಿಷ್ಠ 20 ಅಂಕ, ಇವು ಆಯ್ಕೆಯ ನಿಯಮಗಳು. ಸುಮಾರು ಅರ್ಧ ಜನರಿಗೆ ಮದ್ದು, ಉಳಿದವರಿಗೆ ಮದ್ದಿಲ್ಲದ ಸೋಗಿನ ಗುಳಿಗೆ. ಮದ್ದು ಗುಣ ತೋರಿತು, ನಿಜ. ಆದರೆ ಲಿಥಿಯಂನಂಥ ಮದ್ದು ಆಗಲೇ ಇರುವಾಗ ಕೆರಳಿದ ರೋಗಿಗೆ ಸೋಗಿನ ಗುಳಿಗೆ ಕೊಡುವುದು ನ್ಯಾಯವೆ? ಆ ಸ್ಥಿತಿಯಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೆ? 2006ರಲ್ಲಿ ಅದೇ ಪತ್ರಿಕೆಯಲ್ಲಿ ಆಕ್ಷೇಪವೆತ್ತಿದವರಲ್ಲಿ ನಮ್ಮ ದೇಶದವರೂ ಇದ್ದರು.

ಇನ್ನೊಂದು ಮಾತು. ಕುಡಿತವಿರುವವನನ್ನು, ಬೇರೆ ದೊಡ್ಡ ಕಾಯಿಲೆಯವನನ್ನು ಇಂಥ ಪ್ರಯೋಗಗಳಿಂದ ಸಾಮಾನ್ಯವಾಗಿ ಹೊರಗಿಡುತ್ತಾರೆ. ನಡುರಾತ್ರಿಯ ತನಕ ಪಾತ್ರೆ ತೊಳೆದು, ನಿದ್ದೆಗೆಟ್ಟು, ಕುಡಿತಕ್ಕೆ ಬಿದ್ದ ಹುಡುಗ ಆ ಲೆಕ್ಕಕ್ಕೆ ಸೇರುವುದಿಲ್ಲ. ಮದ್ದು ಅಂಗಡಿಗೆ ಬಂದ ಮೇಲೆ ಅದನ್ನು ನುಂಗುವವನು ಮಾತ್ರ ಅವನೂ ಹೌದು. ಹೆಸರು ಒಂದೇ ಆದರೂ ಮನುಷ್ಯರು ಒಂದೇ ಅಲ್ಲ.

ಪ್ರಯೋಗವೇ ಬೇಡವೆಂದು ನಾವು ಹೇಳುವುದಿಲ್ಲ. ಅದಿಲ್ಲದೆ ಒಳ್ಳೆಯ ಮದ್ದು ಯಾವುದೆಂದು ತಿಳಿಯದು. ಆದರೆ ಬಡವನಿಗೆ ಚಿಕಿತ್ಸೆ ಸಿಗುವ ದಾರಿ ಪ್ರಯೋಗವೊಂದೇ ಆಗಕೂಡದು. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ಸಂಶೋಧನೆಗೆ ರೋಗಿಯ ತಿಳಿದ ಒಪ್ಪಿಗೆ ಬೇಕು. ಅವನಿಗೆ ಆ ಶಕ್ತಿಯಿಲ್ಲದಿದ್ದರೆ ರಾಜ್ಯದ ಪ್ರಾಧಿಕಾರದ ಅನುಮತಿ ಬೇಕು. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂತೆಗೆಯಬಹುದು. ಬರಿಯ ಜೊತೆಗಾರನ ಸಹಿ ಇದಕ್ಕೆ ಸಾಲದು.

ಆದುದರಿಂದ ಬಂಧುಗಳೇ, ಕಾಗದ ಬಂದಾಗ ಮೂರು ಮಾತು ಕೇಳಿರಿ: ಇದು ಚಿಕಿತ್ಸೆಯೋ ಪ್ರಯೋಗವೋ? ಸೋಗಿನ ಗುಳಿಗೆ ಉಂಟೋ? ಬೇಡವೆಂದರೆ ಎಂದಿನ ಮದ್ದು ಸಿಗುವುದೋ? ಉತ್ತರ ನಿಮ್ಮ ಭಾಷೆಯಲ್ಲಿ ಸಿಗುವ ತನಕ ಪೆನ್ನು ಕಿಸೆಯಲ್ಲೇ ಇರಲಿ.