ಹಾಲುಣಿಸುವವಳಿಗೆ ಊಟ ಮೂರೇ ದಿನವೇ?

ರಾಜ್ಯದ ಆರೋಗ್ಯ ಇಲಾಖೆಯ ಹೊಣೆ ಹೊತ್ತವರಿಗೆ,



ನನ್ನ ತಂಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸಿನ ತೂಕ 1,300 ಗ್ರಾಂ. ಯಡ್ರಾಮಿಯಿಂದ ಜೇವರ್ಗಿ, ಮುಂದೆ ಕಟ್ಟಿಸಂಗಾವಿಯ ಭೀಮಾ ಸೇತುವೆ ದಾಟಿ ಶಹರದ ಆಸ್ಪತ್ರೆ ಸೇರಿದೆವು. ಅದರ ಹೆಸರು ಬರೆಯುತ್ತಿಲ್ಲ. ಕೊರತೆ ಇರುವುದು ನಿಯಮದಲ್ಲಿ. ಅಲ್ಲಿಯ ಸಿಸ್ಟರುಗಳು ಕೂಸನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು.

ಕೂಸು ಗಾಜಿನ ಪೆಟ್ಟಿಗೆಯಲ್ಲಿ ಉಳಿಯಿತು, ಬಾಣಂತಿಗೆ ಡಿಸ್ಚಾರ್ಜ್ ಆಯಿತು. ಆಮೇಲೆ ಅವಳ ಠಿಕಾಣಿ ವರಾಂಡದ ಚಾಪೆ. ಎರಡೆರಡು ತಾಸಿಗೊಮ್ಮೆ ಒಳಗಿಂದ ಕೂಗು: "ಹಾಲು ಹಿಂಡಿ ಕೊಡ್ರಿ." ಬಸ್‌ಸ್ಟ್ಯಾಂಡಿನ ಇಡ್ಲಿ ತಿಂದು, ನಿದ್ದೆಗೆಟ್ಟು ಕೂತವಳಿಗೆ ಎಷ್ಟು ಹಾಲು ಬಂದೀತು? "ಕೂಸು ತೂಕ ಹಿಡಿವಲ್ದು" ಎಂದು ನಮ್ಮವ್ವ ದೇವರಿಗೆ ಹರಕೆ ಹೊತ್ತಳು. ಹರಕೆಗಿಂತ ಮೊದಲು ಲೆಕ್ಕ ನೋಡಬೇಕಿತ್ತು.

ಇಂಥ ಕೂಸುಗಳು ಮೊದಲ ವಾರ ತೂಕ ಕಳೆದುಕೊಳ್ಳುತ್ತವೆ. ಹುಟ್ಟಿದಾಗಿನ ತೂಕಕ್ಕೆ ಮರಳಲು ಹತ್ತು–ಹದಿನಾಲ್ಕು ದಿನ. ನಂತರ ಚೆನ್ನಾಗಿ ಬೆಳೆದರೆ ಕಿಲೋಗೆ ದಿನಕ್ಕೆ 15ರಿಂದ 20 ಗ್ರಾಂ ಏರುತ್ತವೆ. ನಮ್ಮ ಕೂಸಿಗೆ ದಿನಕ್ಕೆ 20 ಗ್ರಾಂ ಸುಮಾರು. ಮನೆಗೆ ಒಯ್ಯುವಷ್ಟು, ಅಂದರೆ 1,800 ಗ್ರಾಂ ಮುಟ್ಟಲು ಒಂದು ತಿಂಗಳು ದಾಟುತ್ತದೆ. ಆದರೆ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ತಾಯಿಗೆ ಉಚಿತ ಊಟ ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ. ತುಂಬಿದ ದಿನಕ್ಕೆ ಗಟ್ಟಿಮುಟ್ಟಾಗಿ ಹುಟ್ಟುವ ಕೂಸಿನ ತಾಯಿಗೆ ಇದು ಸರಿ. ತಿಂಗಳಿಗೂ ಹೆಚ್ಚು ಕಾಲ ಹಾಲು ಹಿಂಡಿಕೊಡಬೇಕಾದವಳಿಗೆ?

ಹಾಲೊಂದೇ ಅಲ್ಲ, ತಾಯಿಯ ಎದೆಯ ಬಿಸುಪೂ ಔಷಧಿಯೇ. 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗವೊಂದರಲ್ಲಿ ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳ ಮೂರು ಸಾವಿರಕ್ಕೂ ಹೆಚ್ಚು ಕೂಸುಗಳಿದ್ದವು, ಎಲ್ಲವೂ 1,000ರಿಂದ 1,799 ಗ್ರಾಂ ತೂಗುವಂಥವು. ಹುಟ್ಟಿದ ಕೂಡಲೇ ಎದೆಗೊತ್ತಿಕೊಂಡ ಗುಂಪಿನಲ್ಲಿ ಮೊದಲ 28 ದಿನಗಳೊಳಗಿನ ಸಾವು ನೂರಕ್ಕೆ 12. ಕೂಸಿನ ಸ್ಥಿತಿ ಸುಧಾರಿಸುವ ತನಕ ಕಾದ ಗುಂಪಿನಲ್ಲಿ 15.7. ಆ ಪ್ರಯೋಗದಲ್ಲಿ ತಾಯಿಯ ಮಂಚವನ್ನೂ ಕೂಸಿನ ಘಟಕದೊಳಗೇ ಹಾಕಿದ್ದರು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಅದರಲ್ಲಿತ್ತು. ದೆಹಲಿ ದೂರವಾಯಿತೆಂದರೆ ನಮ್ಮದೇ ಕಲ್ಯಾಣ ಕರ್ನಾಟಕದ ಕೊಪ್ಪಳ ಇದೆ. ಅಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಸರ್ಕಾರದೊಂದಿಗೆ ಕೂಡಿ, ಕೂಸನ್ನು ಹೀಗೆ ಎದೆಗೊತ್ತಿಕೊಳ್ಳುವ ಕಾಂಗರೂ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಸಿದ್ದಾರೆ.

ಕೂಸಿನ ಡಿಸ್ಚಾರ್ಜ್ ಆಗುವವರೆಗೆ ತಾಯಿಯೂ ಒಳರೋಗಿಯೇ ಎಂದು ಆದೇಶ ಹೊರಡಿಸಿ. ಕೂಸಿನ ಪಕ್ಕದಲ್ಲೇ ಮಂಚ ಹಾಕಿಸಿ. ಜಾಗವಿಲ್ಲದಿದ್ದರೆ ಅದೇ ಮಹಡಿಯಲ್ಲಿ ಒಂದು ಕೋಣೆ. ಅಷ್ಟೂ ದಿನ ಮೂರು ಹೊತ್ತಿನ ಊಟ, ಕುಡಿಯಲು ಬಿಸಿನೀರು ಸಿಗಲಿ. ಆದೇಶವನ್ನು ಕನ್ನಡದಲ್ಲಿ ವಾರ್ಡಿನ ಗೋಡೆಗೆ ಅಂಟಿಸಿ. ಇಲ್ಲದಿದ್ದರೆ ಯಡ್ರಾಮಿಯಿಂದ ಬಂದವರಿಗೆ ಅದು ಇದೆಯೆಂಬುದೇ ತಿಳಿಯುವುದಿಲ್ಲ.

ಇಂತಿ,
ಕೂಸಿನ ಸೋದರಮಾವ
ಯಡ್ರಾಮಿ