ರಾಯಭಾರಿಯಾದರೆ ಮುಗಿಯಿತೇ?

ನಂಜನಗೂಡಿನಲ್ಲಾಗಲಿ ಟಿ. ನರಸೀಪುರದಲ್ಲಾಗಲಿ ಹೆಣ್ಣುಮಗಳೊಬ್ಬಳು ಯುಪಿಎಸ್‌ಸಿ ಪಾಸಾದರೆ ಫ್ಲೆಕ್ಸ್ ಏಳುತ್ತದೆ, ಸನ್ಮಾನ ನಡೆಯುತ್ತದೆ. ಆಗಲಿ, ಆಗಬೇಕಾದ್ದೇ. ಆದರೆ ಛಲವೊಂದಿದ್ದರೆ ಯಾವ ಅಡ್ಡಿಯೂ ನಿಲ್ಲದು ಎಂದು ಅತಿಥಿಗಳು ಭಾಷಣ ಬಿಗಿದರೆ ನನ್ನದು ತಕರಾರು. ಕೆಲವು ಅಡ್ಡಿಗಳನ್ನು ಸರ್ಕಾರವೇ ನಿಯಮವಾಗಿ ಬರೆದಿಟ್ಟಿತ್ತು.

ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡುವ ಕಾವೇರಿಯ ತವರು ಕೊಡಗು. ಅಲ್ಲಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ಕೆಲಸ ಬಿಡುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡೇ ಅವರನ್ನು ಸೇರಿಸಿಕೊಂಡರು. ತಮಾಷೆಯೆಂದರೆ, ಎರಡು ವರ್ಷ ಹಿಂದೆಯಷ್ಟೇ ವಿಜಯಲಕ್ಷ್ಮಿ ಪಂಡಿತರು ಮಾಸ್ಕೋಗೆ ರಾಯಭಾರಿಯಾಗಿ ಹೋಗಿದ್ದರು. ಹೆಣ್ಣು ದೇಶದ ಪರವಾಗಿ ಮಾತಾಡಬಲ್ಲಳೆಂಬುದು ದೆಹಲಿಗೆ ಗೊತ್ತಿತ್ತು. ಪ್ರಧಾನಿಯ ತಂಗಿಯಾದ ಪಂಡಿತರ ವಿಷಯದಲ್ಲಿ ಏಳದ ಅನುಮಾನ, ಪರೀಕ್ಷೆ ಬರೆದು ಬಂದವಳ ವಿಷಯದಲ್ಲಿ ಎದ್ದಿತು.

1961ರ ನಿಯಮಗಳು ಇದನ್ನೇ ಗಟ್ಟಿ ಮಾಡಿದವು. ಅಧಿಕಾರಿಣಿ ಮದುವೆಗೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರ ಕೆಲಸಕ್ಕೆ ತೊಡಕೆನಿಸಿದರೆ ರಾಜೀನಾಮೆ ಕೇಳಬಹುದಿತ್ತು. ವಿವಾಹಿತೆಗೆ ನೇಮಕ ಹಕ್ಕಲ್ಲ ಎಂಬ ಇನ್ನೊಂದು ನಿಯಮ ರದ್ದಾದದ್ದು 1973ರಲ್ಲಿ. ಮುತ್ತಮ್ಮ ಹಂಗೇರಿಗೆ ರಾಯಭಾರಿಯಾದದ್ದು 1970ರಲ್ಲಿ! ಎಂದರೆ, ಸೇವೆಯೊಳಗಿಂದ ಮೊದಲ ರಾಯಭಾರಿಣಿ ಬಂದಾಗಲೂ ಆ ನಿಯಮಗಳು ಜೀವಂತವಾಗಿದ್ದವು. ಒಬ್ಬಳು ಮೇಲೇರಿದಳೆಂದು ಬಾಗಿಲು ತೆರೆದಿದೆ ಎನ್ನಲಾಗದು. ಮುತ್ತಮ್ಮ ಮದುವೆಯಾಗಲಿಲ್ಲ. ನಿಯಮ ನೋಡಿ ಪರೀಕ್ಷೆಯ ಯೋಚನೆಯನ್ನೇ ಬಿಟ್ಟವರನ್ನು ಲೆಕ್ಕವಿಟ್ಟವರಾರು?

ಮೂರು ನಾಲ್ಕು ವರ್ಷಕ್ಕೊಮ್ಮೆ ದೇಶ ಬದಲಿಸುವ ಕೆಲಸದಲ್ಲಿ ಸಂಸಾರ ಕಷ್ಟ ಎಂಬ ವಾದ ಸುಳ್ಳಲ್ಲ. ಆದರೆ ಆ ಕಷ್ಟ ಗಂಡಸಿಗೂ ಉಂಟು. ಅವನಿಂದ ಯಾರೂ ಮುಚ್ಚಳಿಕೆ ಕೇಳಲಿಲ್ಲ.

ಉನ್ನತ ದರ್ಜೆಯ ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಕೆಲವೇ ತಿಂಗಳಲ್ಲಿ ಸರ್ಕಾರ ಬಡ್ತಿ ಕೊಟ್ಟಿತು. ದೂರಿದವರ ಬಾಯಿ ಮುಚ್ಚಿಸಲು ಆಡಳಿತಕ್ಕೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಬಡ್ತಿ ಸಿಕ್ಕಿದ್ದರಿಂದ 1979ರ ಸೆಪ್ಟೆಂಬರಿನಲ್ಲಿ ಅರ್ಜಿ ವಜಾ ಆಯಿತು, ನಿಜ. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅಲ್ಲಿಗೇ ಬಿಡಲಿಲ್ಲ. ಇನ್ನೊಬ್ಬರು ರಿಟ್ ಹಾಕುವವರೆಗೂ ಕಾದು ಕೂರದೆ, ತಾರತಮ್ಯದ ಕಲೆ ಹೋಗುವಂತೆ ಎಲ್ಲ ಸೇವಾ ನಿಯಮಗಳನ್ನೂ ಪರಿಷ್ಕರಿಸಿ ಎಂದು ಸರ್ಕಾರಕ್ಕೆ ಹೇಳಿದರು.